ಕಣ್ಣಿಗೆ ಸಾಫ್ ಇದ್ದ ಹದಿನಾಲ್ಕನೆಯ ಕಲ್ಲು

1961ರಲ್ಲಿ ನಾನು ಮಧುಗಿರಿಯ ಒಂದು ಚಿನ್ನಬೆಳ್ಳಿ ಅಂಗಡಿಯಲ್ಲಿ ಹರಳು ಕೂರಿಸುವ ಕೆಲಸದಲ್ಲಿದ್ದೆ. ಹುಟ್ಟೂರು ಸಿರಾ. ಮನೆಮಾತು ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ, ಕಸುಬು ತಂದೆಯಿಂದ ಬಂದದ್ದು. ಆಗ ನನಗೆ ಇಪ್ಪತ್ತೇಳು ವರ್ಷ. ಅಂಗಡಿಯ ಯಜಮಾನರ ಕಣ್ಣು ಮಂಜಾಗುತ್ತ ಬಂದಿದ್ದರಿಂದ ವಜ್ರ ಆರಿಸಿ ಕೊಡುವ ಜವಾಬ್ದಾರಿಯೂ ನನ್ನ ಮೇಲೇ ಬಿದ್ದಿತ್ತು. ನನ್ನ ಕಣ್ಣು ಚುರುಕಾಗಿತ್ತು. ಆ ಚುರುಕಿನ ಬಗ್ಗೆ ನನಗೆ ಜಂಭವೂ ಸಾಕಷ್ಟಿತ್ತು.

ಓದುಗರಿಗೆ ಮೊದಲೇ ಒಂದು ವಿಷಯ ಹೇಳಬೇಕು. ಒಳಗೆ ಏನೂ ಇಲ್ಲದ ವಜ್ರ ತೀರಾ ಅಪರೂಪ. ಹೆಚ್ಚಿನ ಕಲ್ಲುಗಳಲ್ಲಿ ಚುಕ್ಕೆಯೋ, ಕೂದಲೆಳೆಯಂಥ ಗೆರೆಯೋ, ಸಣ್ಣ ಬಿರುಕೋ ಇದ್ದೇ ಇರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ನೋಡಿ ದರ್ಜೆ ಹೇಳುತ್ತಾರೆ. ಈಗಿನವರು ವಿವಿಎಸ್, ವಿಎಸ್, ಎಸ್‌ಐ ಎಂದು ಕರೆಯುವ ದರ್ಜೆಗಳಿಗೆ ನಮ್ಮ ಅಂಗಡಿಯಲ್ಲಿ ಮೂರೇ ಮಾತು ಇದ್ದವು: ಗಾಜಿಗೂ ಸಾಫ್, ಕಣ್ಣಿಗೆ ಸಾಫ್, ಮಚ್ಚೆ ಕಲ್ಲು. ಬರಿಗಣ್ಣಿಗೆ ಏನೂ ಕಾಣದೆ, ಗಾಜಿನಲ್ಲಿ ಮಾತ್ರ ಸ್ವಲ್ಪ ಕಾಣುವುದು ಕಣ್ಣಿಗೆ ಸಾಫ್. ಸಾಧಾರಣ ಅನುಕೂಲದ ಮನೆಯವರಿಗೆ ಅದನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತಿದ್ದೆ. ಕಿವಿಯ ಓಲೆಯನ್ನು ಯಾರೂ ಗಾಜು ಹಿಡಿದು ನೋಡುವುದಿಲ್ಲವಲ್ಲ.

ಆ ವರ್ಷ ವೈಶಾಖದಲ್ಲಿ ಕೊರಟಗೆರೆ ಹತ್ತಿರದ ಹೊಳವನಹಳ್ಳಿಯಿಂದ ನಂಜುಂಡಶೆಟ್ಟರು ಬಂದರು. ಅಲ್ಲಿ ಅವರದೊಂದು ದಿನಸಿ ಅಂಗಡಿ. ಮಗಳು ಸರೋಜಳನ್ನು ಪಾವಗಡದ ದೊಡ್ಡ ಮನೆಯೊಂದಕ್ಕೆ ಕೊಡುತ್ತಿದ್ದರು. ಏಳು ಕಲ್ಲಿನ ವಜ್ರದ ಓಲೆ ಬೇಕಿತ್ತು. ಒಂದು ಜೊತೆಗೆ ಹದಿನಾಲ್ಕು ಕಲ್ಲು.

‘ಸಾಬ್ರೆ, ಗಂಡಿನ್ ಅಜ್ಜಿ ಒಬ್ರವ್ರೆ, ಅಚ್ಚಮ್ಮ ಅಂತ. ವಜ್ರ ಅಂದ್ರೆ ಬಲೇ ನಿಗಾ ಅವ್ರಿಗೆ. ಕಾಕಪಾದ ಒಂದ್ ಇರ್ಬಾರ್ದು ಅಂತ ಹೇಳ್ ಕಳ್ಸವ್ರೆ,’ ಎಂದರು ಶೆಟ್ಟರು.

ಕಲ್ಲಿನೊಳಗೆ ಮೂರು ಬಿರುಕುಗಳು ಒಂದು ಕಡೆ ಕೂಡಿ ಕಾಗೆಯ ಕಾಲಿನಂತೆ ಕಾಣುವುದಕ್ಕೆ ಕಾಕಪಾದ ಎನ್ನುತ್ತಾರೆ. ಅಂಥ ವಜ್ರ ಇಟ್ಟುಕೊಂಡ ಹೆಂಗಸಿನ ಗಂಡನಿಗೆ ಆಯುಸ್ಸಿಲ್ಲ ಎಂಬ ನಂಬಿಕೆ. ನಾನು ನಕ್ಕುಬಿಟ್ಟೆ. ‘ಶೆಟ್ರೆ, ಕಾಗೆ ಬಂದು ನನ್ನ ಮುಂದೆ ಕೂತ್ರೂ ಅದರ ಕಾಲು ನಿಮ್ಮ ಓಲೆ ಒಳಗೆ ಹೋಗೋಕೆ ಬಿಡಲ್ಲ’ ಎಂದೆ. ಅವರೂ ನಕ್ಕು, ಧೈರ್ಯವಾಗಿ ಊರಿಗೆ ಹೋದರು.

ಬೆಂಗಳೂರಿನಿಂದ ತರಿಸಿದ ಕಲ್ಲುಗಳಲ್ಲಿ ಹದಿಮೂರು ಸರಿಯಾಗಿದ್ದವು. ಒಂದು ಕಡಿಮೆ ಬಿತ್ತು. ಯಜಮಾನರು ಬೀರುವಿನಿಂದ ಒಂದು ಹಳೆಯ ಓಲೆ ತೆಗೆದು ಕೊಟ್ಟರು. ಅದನ್ನು ಬಿಚ್ಚಿ ಎರಡು ಕಲ್ಲು ತೆಗೆದೆ. ವರ್ಷಗಟ್ಟಲೆ ಯಾರದೋ ಕಿವಿಯಲ್ಲಿದ್ದು ಹರಳೆಣ್ಣೆ ಕುಡಿದ ಕಲ್ಲುಗಳು. ಅವನ್ನು ಅಂಟುವಾಳದ ನೀರಿನಲ್ಲಿ ಕುದಿಸಿ, ಒಣಗಿಸಿ, ಆಮೇಲೆ ನೋಡಬೇಕು. ಅದು ನಮ್ಮ ಕಸುಬಿನ ಮೊದಲ ಪಾಠ. ಆ ದಿನ ಕೆಲಸ ಒತ್ತರಿಸಿಕೊಂಡು ಬಂದಿತ್ತು. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಗಾಜಿನಲ್ಲಿ ನೋಡಿದೆ. ಅಂಚಿನ ಹತ್ತಿರ ತೆಳುವಾದ ಒಂದು ಎಳೆ. ಬರಿಗಣ್ಣಿನಲ್ಲಿ ನೋಡಿದೆ. ಏನೂ ಇಲ್ಲ. ಕಣ್ಣಿಗೆ ಸಾಫ್ ಎಂದುಕೊಂಡು, ಎರಡರಲ್ಲಿ ಒಂದನ್ನು ಬಲಗಿವಿಯ ಓಲೆಯ ನಡುವೆ ಕೂರಿಸಿ ಕೊಟ್ಟುಬಿಟ್ಟೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಉಳಿದಿದ್ದ ಇನ್ನೊಂದು ಕಲ್ಲನ್ನು ಬೇರೆ ಕೆಲಸಕ್ಕೆಂದು ಅಂಟುವಾಳದಲ್ಲಿ ಕುದಿಸಿದೆ. ಒಣಗಿಸಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ಕಲ್ಲಿನ ಒಳಗೆ ಬೆಳ್ಳಗೆ ಒಂದು ಗೀರು. ಗಾಜು ಬೇಕಾಗಿಯೇ ಇರಲಿಲ್ಲ. ಕುದಿಸುವ ಮೊದಲು ಅದು ಕಾಣುತ್ತಿರಲಿಲ್ಲ. ಬಿರುಕಿನೊಳಗೆ ಎಣ್ಣೆ ತುಂಬಿಕೊಂಡಿದ್ದಾಗ ಬೆಳಕು ಸಲೀಸಾಗಿ ಹಾದುಹೋಗಿ ಬಿರುಕು ಮರೆಯಾಗಿತ್ತು. ಎಣ್ಣೆ ಹೋಗಿ ಗಾಳಿ ತುಂಬಿದ ಕೂಡಲೇ ಎದ್ದು ಕಂಡಿತ್ತು. ಅದೇ ಓಲೆಯಲ್ಲಿದ್ದು ಅದೇ ಎಣ್ಣೆ ಕುಡಿದಿದ್ದ, ನಾನು ಅಂಚಿನಲ್ಲಿ ಎಳೆ ಕಂಡಿದ್ದ ಇದರ ಜೊತೆಯ ಕಲ್ಲು ಹೊಳವನಹಳ್ಳಿಯಲ್ಲಿತ್ತು.

ಪಾವಗಡದ ಆ ಮನೆಯ ಪದ್ಧತಿಯನ್ನು ಶೆಟ್ಟರು ಮಾತಿನ ನಡುವೆ ಹೇಳಿದ್ದರು. ಮದುವೆಯ ಹಿಂದಿನ ದಿನ ಗಂಡಿನ ಅಜ್ಜಿ ಹೊಸ ಓಲೆಯನ್ನು ತಾನೇ ಅಂಟುವಾಳದಲ್ಲಿ ಕುದಿಸಿ, ಹೊತ್ತು ಇಳಿಯುವ ಮೊದಲು ಬಿಸಿಲಿಗೆ ಹಿಡಿದು ನೋಡುತ್ತಾಳೆ. ಒಪ್ಪಿದರೆ ಮಾತ್ರ ಹುಡುಗಿ ಅದನ್ನು ಇಟ್ಟುಕೊಳ್ಳಬೇಕು. ನಾನು ಮಾಡದೆ ಬಿಟ್ಟ ಕೆಲಸವನ್ನು ಆಕೆ ಇವತ್ತು ಮಾಡಲಿದ್ದಳು. ಬಿರುಕು ಕಂಡರೆ ಮದುವೆ ನಿಂತರೂ ನಿಲ್ಲಬಹುದು. ನಿಲ್ಲದಿದ್ದರೆ ಇನ್ನೂ ಕಷ್ಟ. ನಾಳೆ ಆ ಹುಡುಗನಿಗೆ ಒಂದು ಜ್ವರ ಬಂದರೂ ಆ ಮನೆಯವರೆಲ್ಲ ಸರೋಜಳ ಕಿವಿಯನ್ನೇ ನೋಡುತ್ತಾರೆ.

ಯಜಮಾನರಿಗೆ ಹೇಳಿದೆ. ಅವರು, ‘ಆ ಮುದುಕಿಗೆ ಕಾಣದೆ ಇದ್ರೂ ಇರ್ಬೋದು ಕಣಯ್ಯ. ನಾವೇ ಹೋಗಿ ಯಾಕೆ ತಗ್ಲಾಕ್ಕೋಬೇಕು?’ ಎಂದರು. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ದೊಡ್ಡ ಸತ್ಯವಂತನಂತೆ ನಾನು ಎದ್ದು ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ಕೂತು ಸುದ್ದಿಗೆ ಕಾಯುವ ಭಯ ಅಲ್ಲಿಗೆ ಹೋಗುವ ಭಯಕ್ಕಿಂತ ಜಾಸ್ತಿಯಾಯಿತು, ಅಷ್ಟೇ. ಗಾಜಿಗೂ ಸಾಫ್ ಇದ್ದ, ಅದೇ ಅಳತೆಯ ಒಂದು ಕಲ್ಲನ್ನು ಯಜಮಾನರಿಂದ ಕಾಡಿ ಬೇಡಿ ಪಡೆದು, ಉಳಿ ಚಿಮಟಗಳ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಉಪಾಯ ಒಂದಿತ್ತು. ತಿರುಪು ಸಡಿಲ ಎಂದು ಓಲೆ ಕೇಳುವುದು, ಒಂದು ಮೂಲೆಯಲ್ಲಿ ಕೂತು ಕಲ್ಲು ಬದಲಿಸುವುದು, ವಾಪಸು ಕೊಟ್ಟು ಬರುವುದು.

ಬಸ್ಸು ಕೊರಟಗೆರೆಯಲ್ಲಿ ನೀರು ಹಾಕಿಸಿಕೊಳ್ಳಲು ನಿಂತದ್ದು ನಿಂತೇ ಇತ್ತು. ಡ್ರೈವರು ಟೀ ಕುಡಿಯುತ್ತಿದ್ದ. ನಾನು ಕೆಳಗಿಳಿದು ಎರಡು ಸಲ ಅವನ ಮುಖ ನೋಡಿ ಬಂದೆ. ಮೂರನೆಯ ಸಲ ಅವನೇ, ‘ಯಾಕ್ ಸಾಬ್ರೆ, ಮನೇಲಿ ಹೆರಿಗೆನಾ?’ ಎಂದ. ಹೌದು ಎಂದುಬಿಟ್ಟೆ. ಸಿರಾದಲ್ಲಿ ನನ್ನ ಹೆಂಡತಿಗೆ ನಿಜವಾಗಿಯೂ ಎಂಟು ತಿಂಗಳು ತುಂಬಿತ್ತು. ಅವನು ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹೊರಡಿಸಿದ.

ಹೊಳವನಹಳ್ಳಿಯಲ್ಲಿ ಇಳಿದಾಗ ಮೂರು ಗಂಟೆ ದಾಟಿತ್ತು. ಶೆಟ್ಟರ ಮನೆಯ ಮುಂದೆ ಚಪ್ಪರ, ಚಪ್ಪರದ ತುಂಬ ಪಾವಗಡದ ನೆಂಟರು. ಶೆಟ್ಟರು ಬಾಗಿಲಲ್ಲೇ ಸಿಕ್ಕಿದರು.

‘ಏನ್ ಸಾಬ್ರೆ, ಹೇಳ್ದೆ ಕೇಳ್ದೆ ಬಂದ್ಬುಟ್ರಿ? ಮದ್ವೆ ನಾಳೆ ಅಲ್ವಾ?’

‘ಬಲಗಿವಿ ಓಲೆ ತಿರುಪು ಸ್ವಲ್ಪ ಸಡ್ಲ ಇತ್ತು ಶೆಟ್ರೆ. ಬಿಗಿ ಮಾಡಿ ಕೊಟ್ಬಿಡ್ತೀನಿ.’

‘ಅಜ್ಜಿ ಈಗ್ತಾನೆ ಕುದ್ಸಿ ತೆಗುದ್ರು. ಬಟ್ಟೆ ಮ್ಯಾಲೆ ಆರಾಕವ್ರೆ.’

ಅಚ್ಚಮ್ಮ ಒಳ ಜಗುಲಿಯ ಮೇಲೆ ಕೂತಿದ್ದಳು. ಸಣ್ಣ ದೇಹ, ನೇರ ಬೆನ್ನು. ಅವಳ ಮುಂದೆ ಬಿಳಿಯ ಬಟ್ಟೆ, ಅದರ ಮೇಲೆ ಎರಡು ಓಲೆ. ನಾನು ನಿಂತಲ್ಲಿಂದಲೇ ನೋಡಿದೆ. ಬಲಗಿವಿಯ ನಡುವಿನ ಕಲ್ಲಿನಲ್ಲಿ ಬೆಳ್ಳಗೆ ಮೂರು ಗೀರು, ಒಂದೇ ಕಡೆ ಕೂಡಿದ್ದವು. ಗಾಜಿನಲ್ಲಿ ಒಂದೇ ಎಳೆ ಕಂಡಿದ್ದ ಜಾಗ ಅದು. ಅಜ್ಜಿ ಇನ್ನೂ ಬಿಸಿಲಿಗೆ ಹಿಡಿದಿರಲಿಲ್ಲ. ತಿರುಪಿನ ಮಾತು ಹೇಳಿದೆ. ಮೂಲೆಗೆ ಒಯ್ಯಲು ಕೈ ಚಾಚಿದೆ.

‘ಈಡೇ ಕೂಕೋ. ನನ್ನ ಕಣ್ಮುಂದೆ ಮಾಡು,’ ಎಂದು ತೆಲುಗು ಬೆರೆತ ಪಾವಗಡದ ಮಾತಿನಲ್ಲಿ ಅಲ್ಲೇ ಎದುರಿಗೆ ಕೂರಲು ಹೇಳಿದಳು.

ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಡಬ್ಬಿ ಬಿಚ್ಚಿ ಕೂತೆ. ಸುತ್ತ ಹೆಂಗಸರು. ಬಾಗಿಲ ಚೌಕಟ್ಟು ಹಿಡಿದು ಸರೋಜ ನಿಂತಿದ್ದಳು. ಅರಿಶಿನ ಹಚ್ಚಿದ ಮುಖ, ಹದಿನೆಂಟು ಹತ್ತೊಂಬತ್ತು ವಯಸ್ಸಿರಬಹುದು. ತಿರುಪನ್ನು ತಿರುವಿದಂತೆ ಮಾಡಿ ಓಲೆ ಹಿಂದಿರುಗಿಸಿದರೆ ಅಜ್ಜಿ ಈಗಲೇ ಬಿಸಿಲಿಗೆ ಹಿಡಿಯುತ್ತಾಳೆ. ಕಲ್ಲು ಕಿತ್ತರೆ ಯಾಕೆ ಎಂದು ಕೇಳುತ್ತಾಳೆ. ಕಿತ್ತೇ ಬಿಡುವುದೆಂದು ಉಳಿಯ ತುದಿಯನ್ನು ಕಲ್ಲು ಹಿಡಿದಿರುವ ಚಿನ್ನದ ಹಲ್ಲಿನ ಕೆಳಗೆ ತೂರಿಸಿದೆ. ಸಾವಿರ ಸಲ ಮಾಡಿದ ಕೆಲಸ. ಆ ದಿನ ನನ್ನ ಕಣ್ಣು ಉಳಿಯ ಮೇಲಿರದೆ ಅಜ್ಜಿಯ ಮುಖದ ಮೇಲಿತ್ತು. ಬಿರುಕು ಅಂಚಿಗೆ ಬಂದಿದ್ದ ಜಾಗದಲ್ಲೇ ಉಳಿ ಒತ್ತಿತು. ಟಿಕ್ ಎಂದು ಸಣ್ಣ ಸದ್ದಾಯಿತು. ಕಲ್ಲು ಎರಡಾಗಿ ಬಟ್ಟೆಯ ಮೇಲೆ ಬಿತ್ತು.

ನಂಜುಂಡಶೆಟ್ಟರು ಕಂಬ ಹಿಡಿದು ಮೆಲ್ಲಗೆ ಕೂತರು. ಸರೋಜ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, ‘ಅಮ್ಮ, ಅದು ನಂದಾ?’ ಎಂದಳು.

ನನ್ನ ನಾಲಗೆಯ ತುದಿಗೆ ಒಂದು ಮಾತು ಬಂದಿತ್ತು. ಅದನ್ನು ಇವತ್ತಿಗೂ ಮರೆತಿಲ್ಲ. ‘ನೀವು ಕುದಿಸಿದ್ದಕ್ಕೇ ಒಡೆಯಿತು’ ಎಂದುಬಿಟ್ಟರೆ ನಾನು ಪಾರು. ಅಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿದೆ. ಮದುವೆಯ ಮನೆಯಲ್ಲಿ, ಅವಳ ಓಲೆ, ಸುಮ್ಮನೆ ನೀರಿನಲ್ಲಿ ಕುದಿಸಿದ್ದಕ್ಕೇ ಒಡೆಯಿತು ಎಂದರೆ ಅದರ ಅರ್ಥ ಏನೆಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು.

‘ಏಮಯ್ಯಾ,’ ಎಂದಳು ಅಚ್ಚಮ್ಮ, ‘ತಿರುಪು ಸಡ್ಲ ಅಂದೆ. ಕಲ್ಲ್ಯಾಕೆ ಕಿತ್ತೆ? ನಿಜಂ ಚೆಪ್ಪು.’

ನಿಜ ಹೇಳಿದೆ. ಕಲ್ಲಿನಲ್ಲಿ ಮೊದಲೇ ಬಿರುಕಿತ್ತು, ಎಣ್ಣೆಯಲ್ಲಿ ಮುಚ್ಚಿಹೋಗಿತ್ತು, ಕುದಿಸದೆ ನೋಡಿ ಸಾಫ್ ಎಂದವನು ನಾನು, ಇವತ್ತು ಬೆಳಿಗ್ಗೆ ಗೊತ್ತಾಗಿ ಕದ್ದು ಬದಲಿಸಲು ಬಂದೆ, ಶೆಟ್ಟರಿಗೆ ಏನೂ ಗೊತ್ತಿಲ್ಲ. ಚಪ್ಪರದಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತಿದ್ದರು. ಹೊಡೆತ ಬೀಳುತ್ತದೆ ಎಂದೇ ನಾನು ಭುಜ ಬಿಗಿ ಮಾಡಿಕೊಂಡಿದ್ದೆ.

ಅಜ್ಜಿ ಎರಡು ಚೂರನ್ನೂ ಬೆರಳಿನಿಂದ ಹೊರಳಿಸಿದಳು. ಆಮೇಲೆ ಸರೋಜಳ ತಾಯಿಯ ಕಡೆ ತಿರುಗಿ, ‘ಇದು ಹುಡ್ಗಿ ಕಿವಿಗೆ ಏರಿತ್ತಾ?’ ಎಂದು ಕೇಳಿದಳು.

‘ಇಲ್ಲ ಕಣಮ್ಮ. ನೀವು ನೋಡೋಗಂಟ ಡಬ್ಬೀನೇ ತೆಗ್ದಿಲ್ಲ.’

‘ಅಂಗಾದ್ರೆ ಇದು ಹುಡ್ಗೀದಲ್ಲ. ಈಯಪ್ಪನ ಕೈಯಾಗೆ ಒಡೀತು, ಈಯಪ್ಪಂದು.’ ಚೂರುಗಳನ್ನು ಒಂದು ಕಾಗದಕ್ಕೆ ಹಾಕಿ ಮಡಿಸಿ ನನ್ನ ಕಡೆ ನೂಕಿದಳು. ‘ನಿನ್ನ ದೋಷ ನೀನೇ ಕಟ್ಕೊಂಡು ಪೋ. ಈ ಮನ್ಯಾಗೆ ಬಿಟ್ಟು ಹೋಗ್ಬ್ಯಾಡ. ಮೊದ್ಲು ಒಳ್ಳೇದು ಕೂರ್ಸು.’

ತಂದಿದ್ದ ಕಲ್ಲನ್ನು ಕೂರಿಸಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆಕೆ ಎದುರಿನಿಂದ ಏಳಲಿಲ್ಲ. ಮತ್ತೆ ಕುದಿಸಿ, ಒಣಗಿಸಿ, ಅಂಗಳಕ್ಕೆ ಹೋಗಿ ಇಳಿಬಿಸಿಲಿಗೆ ಹಿಡಿದು ನೋಡಿ, ‘ಸರಿ’ ಎಂದಳು. ನಂಜುಂಡಶೆಟ್ಟರು ನನಗೆ ಹೋಗಿ ಬಾ ಎನ್ನಲಿಲ್ಲ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಆ ಕಾಗದದ ಪೊಟ್ಟಣ ನನ್ನ ಅಂಗಿಯ ಜೇಬಿನಲ್ಲಿತ್ತು. ಕಾಕಪಾದ ಎಂದವರನ್ನು ಎಷ್ಟೋ ವರ್ಷಗಳಿಂದ ನಕ್ಕು ಕಳಿಸುತ್ತಿದ್ದವನು ನಾನು. ವಜ್ರ ಎಂದರೆ ಒಂದು ಕಲ್ಲು, ಬಿರುಕು ಎಂದರೆ ಒಂದು ಬಿರುಕು. ಇಷ್ಟೆಲ್ಲ ಗೊತ್ತಿದ್ದೂ ಎದೆಯ ಮೇಲೆ ಆ ಪೊಟ್ಟಣ ಇದೆ ಎಂಬುದನ್ನು ಒಂದು ನಿಮಿಷವೂ ಮರೆಯಲಾಗಲಿಲ್ಲ. ಮಾರನೆಯ ದಿನ ಸಿರಾಗೆ ಹೋಗಬೇಕಿತ್ತು. ಬಸುರಿ ಹೆಂಡತಿ ಇರುವ ಮನೆಗೆ ಅದನ್ನು ಒಯ್ಯಲು ನನ್ನಿಂದ ಆಗಲಿಲ್ಲ. ಮಧುಗಿರಿಯಲ್ಲಿ ಇಳಿದವನೇ ಅಂಗಡಿಗೆ ಹೋಗಿ ಪೊಟ್ಟಣವನ್ನು ಯಜಮಾನರ ಮುಂದೆ ಇಟ್ಟು, ಇದನ್ನು ಎಲ್ಲಾದರೂ ಕಳಿಸಿಬಿಡಿ ಎಂದೆ. ಅವರು ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ. ಪೊಟ್ಟಣವನ್ನು ಕೈಯಲ್ಲಿ ಮುಟ್ಟದೆ ಚಿಮಟದಲ್ಲಿ ಹಿಡಿದು ತೆಗೆದಿಟ್ಟರು.

ಅದಾದ ಮೇಲೆ ಮೂವತ್ತು ವರ್ಷ ಕಲ್ಲು ಆರಿಸಿ ಕೊಟ್ಟಿದ್ದೇನೆ. ಕುದಿಸದೆ ಒಂದು ಕಲ್ಲನ್ನೂ ನೋಡಿಲ್ಲ. ಅದು ಎಚ್ಚರಿಕೆಯ ಮಾತು, ಯಾರಾದರೂ ಕಲಿಸಬಹುದು. ಆ ದಿನ ನನಗೆ ಕಲಿಸಿದ್ದು ಬೇರೆ. ಬರಿಗಣ್ಣಿಗೆ ಏನೂ ಕಾಣದ ದರ್ಜೆ ಸಾಕು ಎಂದು ಬಂದವರಿಗೆ ಅಂದಿನಿಂದ ನಾನು ಮೊದಲು ಗಾಜಿನಲ್ಲಿ ದೋಷವನ್ನೇ ತೋರಿಸುತ್ತಿದ್ದೆ. ನಿಧಾನವಾಗಿ ನೋಡಿ ಎನ್ನುತ್ತಿದ್ದೆ. ಆಮೇಲೆ ಗಾಜನ್ನು ಪಕ್ಕಕ್ಕಿಟ್ಟು ಅದೇ ಕಲ್ಲನ್ನು ಅವರ ಅಂಗೈಯಲ್ಲಿ ಇಟ್ಟು, ‘ಈಗ ಕಾಣ್ತದಾ?’ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಇಲ್ಲ ಎಂದು ನಕ್ಕು ಕೊಂಡುಹೋಗುತ್ತಿದ್ದರು. ಕೆಲವರು ಬಹಳ ಹೊತ್ತು ನೋಡಿ, ಕಾಣುತ್ತದೆ ಎನ್ನುತ್ತಿದ್ದರು. ಕಾಣಲು ಸಾಧ್ಯವೇ ಇರಲಿಲ್ಲ, ನನಗೇ ಕಾಣುತ್ತಿರಲಿಲ್ಲ. ಆದರೂ ಜೇಬಿನಲ್ಲಿದ್ದ ಆ ಪೊಟ್ಟಣ ನೆನಪಾಗಿ ನಾನು ಅವರ ಜೊತೆ ವಾದ ಮಾಡದೆ, ಅವರ ಕೈಯಿಂದ ಕಲ್ಲನ್ನು ವಾಪಸು ತೆಗೆದುಕೊಳ್ಳುತ್ತಿದ್ದೆ.