ಟೇಪಕ್ಕ ಎಳೆದ ಗೆರೆ

ಕಾಗದದ ಕಾರ್ಖಾನೆಯ ಮರದ ಯಾರ್ಡಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಇಪ್ಪತ್ತಾರು ವರ್ಷ ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು ಓಡಾಡಿದ್ದಕ್ಕೆ ಎಲ್ಲರ ಬಾಯಲ್ಲೂ ಟೇಪಕ್ಕ. ಪೈನ್ ದಿಮ್ಮಿಗಳನ್ನು ಕಾರ್ಖಾನೆ ಆಗ ಅಳತೆಗೆ ಕೊಳ್ಳುತ್ತಿತ್ತು. ಲಾರಿಯಿಂದ ಇಳಿಸಿ, ಒಂದರ ಮೇಲೊಂದು ಒತ್ತಾಗಿ ಅಟ್ಟಿ ಕಟ್ಟಬೇಕು. ಉದ್ದ, ಅಗಲ, ಎತ್ತರ ಟೇಪಕ್ಕ ಹಿಡಿಯಬೇಕು. ದಿಮ್ಮಿಗಳ ನಡುವೆ ಅವಳ ಕೈ ತೂರಿತೋ, ಕಥೆ ಮುಗಿಯಿತು.

"ಗಾಳಿಗೂ ರೇಟು ಹಾಕ್ಲಾ ನಾನು? ಬಿಚ್ಚಿ, ಮತ್ತೆ ಕಟ್ಟಿ."

ಮರ ತಂದವರು ಹಲ್ಲು ಕಡಿಯುತ್ತಿದ್ದರು. ಆದರೆ ಆ ಅಟ್ಟಿಗಳು ಗೋಡೆಯ ಹಾಗೆ ನಿಲ್ಲುತ್ತಿದ್ದವು. ಅವುಗಳ ಬುಡದಲ್ಲಿ ತೊಗಟೆ ಗುಡಿಸುತ್ತಿದ್ದವನು ಅವಳ ಗಂಡ. ಮಕ್ಕಳಿಲ್ಲದ ಮನೆ, ಅವನಿಗೆ ಇವಳು, ಇವಳಿಗೆ ಅವನು.

ಹೋದ ವರ್ಷ ಗೇಟಿನಲ್ಲಿ ವೇ ಬ್ರಿಡ್ಜ್ ಬಂತು, ಲಾರಿ ಸಮೇತ ಮರ ತೂಗುವ ಕಬ್ಬಿಣದ ಹಾಸು. ಇನ್ನು ಮೇಲೆ ಮರ ತೂಕಕ್ಕೆ, ಅಟ್ಟಿಯೂ ಬೇಡ ಟೇಪೂ ಬೇಡ ಅಂದರು. ಟೇಪಕ್ಕನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಎರಡು ಗುಂಡಿ ತೋರಿಸಿದರು. ಹಸಿರು ಒತ್ತಿದರೆ ಲಾರಿ ಹತ್ತಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಮೊದಲ ದಿನ ಗಂಡ ತಾನೇ ಆ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಂತ. ಅವಳ ಮುಂದಿನ ಪರದೆಯಲ್ಲಿ ಅರವತ್ತು ಕೆಜಿ ಬಂತು.

"ನೋಡ್ದೇನೇ? ನನ್ನನ್ನ ತೂಕಕ್ಕೆ ಕೊಂಡಿದ್ರೆ ನಿಂಗೆ ನಷ್ಟಾನೇ ಆಗ್ತಿತ್ತು."

"ಅಳತೆಗೆ ಕೊಂಡೂ ಲಾಭ ಏನಿಲ್ಲ ಬಿಡಿ," ಅಂದಳು.

ನಗು ಅಲ್ಲಿಗೇ ಮುಗಿಯಿತು. ಮರ ಒಣಗಿದರೆ ತೂಕ ಹೋಗುತ್ತದೆ. ಹಾಗಾಗಿ ಕಡಿದ ಮರುದಿನವೇ ಹಸಿ ದಿಮ್ಮಿ ಬರತೊಡಗಿತು. ತೊಗಟೆ ಸುಲಿದಲ್ಲೆಲ್ಲ ಲೋಳೆ. ತೂಗಿದ ಮರವನ್ನು ಜೋಡಿಸುವುದಕ್ಕೆ ಯಾರಿಗೆ ತಲೆಕೆಟ್ಟಿದೆ? ಸುರಿದರು, ಹೋದರು. ಅಟ್ಟಿ ಹೋಗಿ ರಾಶಿ ಬಂತು. ರಾಶಿ ಎರಡಾಳು ದಾಟಿತು, ಮೂರಾಳು ದಾಟಿತು. ಗಂಡ ಮಾತ್ರ ಅದೇ ಜಾಗದಲ್ಲಿ, ಅದೇ ಪೊರಕೆ ಹಿಡಿದು ಗುಡಿಸುತ್ತಲೇ ಇದ್ದ.

ಸೋಮವಾರ ಅವಳಿಗೆ ತಡೆಯಲಾಗಲಿಲ್ಲ. ಸೀಮೆಸುಣ್ಣ ತಂದು, ರಾಶಿಯ ಈ ತುದಿಯಿಂದ ಆ ತುದಿಗೆ ದಿಮ್ಮಿಗಳ ಮುಖದ ಮೇಲೆ ಒಂದು ನೇರ ಗೆರೆ ಎಳೆದಳು. ಮಂಗಳವಾರ ಎರಡು ದಿಮ್ಮಿಗಳ ಮೇಲಿನ ಗೆರೆ ಓರೆಯಾಗಿತ್ತು. ರಾತ್ರಿ ಅವು ನಿದ್ದೆಯಲ್ಲಿದ್ದವರ ಹಾಗೆ ಮಗ್ಗುಲು ಬದಲಿಸಿದ್ದವು. ಬುಧವಾರ ಓರೆಯಾದವು ಏಳು.

ಯಾರ್ಡ್ ಮ್ಯಾನೇಜರನ ಹತ್ತಿರ ಓಡಿದಳು. "ಸಾರ್, ರಾಶಿ ಹೊರಳ್ತಾ ಇದೆ. ಜನರನ್ನ ಈಚೆ ಕರೀರಿ."

"ತೂಕದಲ್ಲಿ ಒಂದು ಕೆಜಿ ಕಮ್ಮಿ ಆಗಿದ್ಯಾ ಟೇಪಕ್ಕ? ಇಲ್ವಲ್ಲ? ಮತ್ತೆ ಹೋಗಿ ಗುಂಡಿ ಒತ್ತಿ."

ರಾತ್ರಿ ಗಂಡನಿಗೂ ಹೇಳಿದಳು, ನಾಳೆ ರಜೆ ಹಾಕಿ ಅಂತ. "ಟೇಪು ಹೋಯ್ತು ಅಂತ ನಿಂಗೆ ಹೊಟ್ಟೆಕಿಚ್ಚು," ಅಂತ ನಕ್ಕು ಹೊದಿಕೆ ಎಳೆದುಕೊಂಡ.

ಗುರುವಾರ ಬೆಳಿಗ್ಗೆ ಗಾಜಿನಿಂದ ನೋಡುತ್ತಾಳೆ, ಗಂಡ ಒದ್ದೆ ಬಟ್ಟೆ ಹಿಡಿದು ದಿಮ್ಮಿಗಳ ಮುಖ ಒರೆಸುತ್ತಿದ್ದಾನೆ! ಮೇಲಿನವರು ಬರುತ್ತಾರೆ, ಗೀಚಿದ್ದನ್ನು ಅಳಿಸು ಅಂತ ಮ್ಯಾನೇಜರನ ಅಪ್ಪಣೆ. ಗೆರೆ ಹೋದ ಮೇಲೆ ರಾಶಿ ಸಾಧುವಾಗಿ ಕಂಡಿತು. ಇನ್ನು ಅದು ಹೊರಳಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅವಳ ಕೈಯಲ್ಲಿ ಇದ್ದದ್ದು ಎರಡೇ ಗುಂಡಿ. ಕೆಂಪು ಒತ್ತಿ ಬಾಗಿಲಿಗೆ ಚಿಲಕ ಹಾಕಿದಳು.

ಐದು ಲಾರಿ ನಿಂತವು, ಹತ್ತಾದವು. ಹಾರ್ನಿನ ಗದ್ದಲಕ್ಕೆ ಯಾರ್ಡಿನ ಜನ ಕೆಲಸ ಬಿಟ್ಟು ತಮಾಷೆ ನೋಡಲು ಬಂದರು. ಮ್ಯಾನೇಜರು ಕೆಂಡವಾಗಿ ಬಂದು ವೇ ಬ್ರಿಡ್ಜಿನ ಮೇಲೆ ನಿಂತು ಗಾಜು ಬಡಿದ. ಎಲ್ಲರಿಗಿಂತ ಕೊನೆಗೆ, ತಲೆ ತಗ್ಗಿಸಿಕೊಂಡು, ಒದ್ದೆ ಬಟ್ಟೆ ಕೈಯಲ್ಲೇ ಇಟ್ಟುಕೊಂಡು ಗಂಡ ಬಂದು ಮ್ಯಾನೇಜರನ ಪಕ್ಕ ಹತ್ತಿದ. ಪರದೆಯಲ್ಲಿ ನೂರ ನಲವತ್ತು.

"ಮಾನ ಕಳೀಬೇಡ್ವೇ. ಬಾಗಿಲು ತೆಗಿ."

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೇ ನಿಂತಿರಿ."

"ಲಾರಿ ಬಿಡ್ತೀಯೋ ಇಲ್ವೋ?"

"ಬಿಡಲ್ಲ. ಬೈಯಿರಿ. ಬೇಕಾದಷ್ಟು ಬೈಯಿರಿ."

ಗಂಡ ಬೈಯಲು ಬಾಯಿ ತೆರೆದ. ಹಿಂದೆ ರಾಶಿಯ ಕಡೆಯಿಂದ ಮೊದಲು ಒಂದು ಲಟಕ್ ಅನ್ನುವ ಸದ್ದು ಬಂತು, ಆಮೇಲೆ ನೆಲವೇ ಗುಡುಗಿತು. ತೊಗಟೆಯ ಧೂಳು ಗೇಟಿನವರೆಗೂ ಹಬ್ಬಿತು. ಅವನು ಗುಡಿಸುತ್ತಿದ್ದ ಜಾಗ, ಯಾರ್ಡಿನ ಗೋಡೆಗೆ ಒರಗಿಸಿದ್ದ ಪೊರಕೆ, ಆ ಗೋಡೆ, ಯಾವುದೂ ಕಾಣಲಿಲ್ಲ.

ಮ್ಯಾನೇಜರು ಅತ್ತ ಓಡಿದ. ಧೂಳಿನಲ್ಲಿ ಗಾಜಿನಾಚೆ ಏನೂ ತೋರದೆ ಟೇಪಕ್ಕ ಪರದೆಯ ಕಡೆ ತಿರುಗಿದಳು. ಅರವತ್ತು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅರವತ್ತು ಅಲುಗಲಿಲ್ಲ.