ಅಮೃತಮ್ಮನ ಮನೆಯಲ್ಲಿ ಮೊಳೆಯಿಲ್ಲ

ಬೆಳಗಿನ ಐದು ಗಂಟೆ. ಶಹಾಬಾದಿನ ಕಲ್ಲಿನ ಗಣಿಗಳತ್ತ ಹೋಗುವ ಓಣಿಯಲ್ಲಿ ಲಾರಿಗಳ ಸದ್ದು ಇನ್ನೂ ಶುರುವಾಗಿಲ್ಲ. ಹಿತ್ತಲ ಬಾಗಿಲ ಬಳಿ, ನುಣುಪಾದ ಫರಸಿ ಕಲ್ಲೊಂದನ್ನು ಮುಂದಿಟ್ಟುಕೊಂಡು ಕುಳಿತ ಅಮೃತಮ್ಮ ಚಪ್ಪಲಿಯ ಅಟ್ಟೆಗೆ ದಬ್ಬಳ ಹಾಯಿಸುತ್ತಿದ್ದಾರೆ. ಮೇಣ ಸವರಿದ ದಾರವನ್ನು ಎಳೆದು ಹೆಬ್ಬೆರಳಿನಿಂದ ಒತ್ತುತ್ತಾರೆ, ಮತ್ತೊಂದು ಹೊಲಿಗೆ ಹಾಕುತ್ತಾರೆ. ಒಂದು ಕಾಲಿನ ಚಪ್ಪಲಿ ಮುಗಿದ ಮೇಲೆ ಅದರೊಳಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮೂಲೆ ಮೂಲೆಯನ್ನೂ ಸವರುತ್ತಾರೆ.

"ಕಣ್ಣು ಮುಚ್ಚಿದ್ರ ಕೈಗಿ ಚಂದ ಕಾಣ್ತದ್ರಿ," ಎನ್ನುತ್ತಾರೆ.

ಒಳಗೆ ಒಲೆಯ ಮುಂದೆ ಅವರ ಗಂಡ ಆನಂದಕುಮಾರ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಅದನ್ನು ರೊಟ್ಟಿ ಎನ್ನುವುದು ನಮ್ಮ ದೊಡ್ಡತನ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಿಟಕಿ. ಮೂವತ್ತು ವರ್ಷ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದ ಕೈಗಳಿಗೆ ಹಿಟ್ಟು ಇನ್ನೂ ಮಾತು ಕೇಳುತ್ತಿಲ್ಲ. "ಎರಡು ವರ್ಷ ಟೈಮ್ ಅದಲ್ರಿ, ಕಲೀತೀನಿ," ಎಂದು ನಗುತ್ತಾರೆ. ಅಮೃತಮ್ಮ ತಿರುಗಿಯೂ ನೋಡದೆ, "ಬಡಿಯೋ ಸಪ್ಪಳದಾಗೇ ಗೊತ್ತಾಗ್ತದ, ಹಿಟ್ಟು ತೆಳ್ಳಗಾಗ್ಯಾದ," ಎನ್ನುತ್ತಾರೆ.

ಆ ಎರಡು ವರ್ಷ ಅಮೃತಮ್ಮ ಮನೆಯಲ್ಲಿರುವುದಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ, ಮುಂದಿನ ವಾರ, ಅವರು ಮಿಷನರಿಯಾಗಿ ಆಫ್ರಿಕದ ಮೊಜಾಂಬಿಕ್ ದೇಶಕ್ಕೆ ಹೊರಟಿದ್ದಾರೆ. ಅಲ್ಲಿನ ಹಳ್ಳಿಯ ಮಿಷನ್ ದವಾಖಾನೆಯೊಂದರಲ್ಲಿ ಚಪ್ಪಲಿ ಹೊಲಿಯಬೇಕು, ಹೊಲಿಯುವುದನ್ನು ಅಲ್ಲಿಯವರಿಗೆ ಕಲಿಸಬೇಕು. ಚರ್ಚಿನಲ್ಲಿ ನಿಂತು ಉಪದೇಶದ ಪ್ರಸಂಗ ಮಾಡಲು ಅವರಿಗೆ ಬರುವುದಿಲ್ಲ. ಈವರೆಗೆ ಹೈದರಾಬಾದಿನ ಆಚೆ ಕಾಲಿಟ್ಟವರೂ ಅಲ್ಲ.

"ನಾ ಸಣ್ಣಾಕಿದ್ದಾಗ ಮಿಷನರಿ ಅಂದ್ರ ಹೊರಗಿಂದ ನಮ್ಮ ಕಡಿ ಬರವ್ರು ಅಂತ ತಿಳಕೊಂಡಿದ್ದೆ. ಇಲ್ಲಿಂದ ಹೊರಗ ಹೋಗವ್ರಿಗೂ ಹಂಗೇ ಅಂತಾರಂತ ಈಗ ಗೊತ್ತಾಗ್ಯಾದ ನೋಡ್ರಿ."

ಅಮೃತಮ್ಮ ಹುಟ್ಟಿದ್ದು ಚಿಂಚೋಳಿಯ ಆಚೆ, ಕಾಡು ಶುರುವಾಗುವಲ್ಲಿನ ಹಳ್ಳಿಯಲ್ಲಿ. ಅಜ್ಜನ ಕಾಲದಿಂದಲೂ ಮೆಥಡಿಸ್ಟ್ ಕ್ರೈಸ್ತ ಸಭೆಯವರು. ಅಪ್ಪ ಊರಿನವರಿಗೆಲ್ಲ ಹೊಲಕ್ಕೆ ಹಾಕಿಕೊಂಡು ಹೋಗುವ ಗಟ್ಟಿ ಚಪ್ಪಲಿ ಮಾಡುತ್ತಿದ್ದರು. ಚರ್ಮ ಕೊಯ್ಯುವ ರಂಪಿಗೆಯನ್ನು ಮಗಳ ಕೈಗೆ ಕೊಟ್ಟಾಗ ಊರಿನವರು ನಕ್ಕರಂತೆ. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆಯಾಗಿ ಶಹಾಬಾದಿಗೆ ಬಂದ ಮೇಲೆ ಸಭೆಯವರೇ ಅವರನ್ನು ಹೈದರಾಬಾದಿನ ಮಿಷನ್ ಆಸ್ಪತ್ರೆಯೊಂದಕ್ಕೆ ಆರು ತಿಂಗಳ ತರಬೇತಿಗೆ ಕಳಿಸಿದರು. ಕುಷ್ಠರೋಗದಿಂದ ವಾಸಿಯಾದವರಿಗೆ ಬೇಕಾಗುವ ಚಪ್ಪಲಿ ಮಾಡುವ ತರಬೇತಿ ಅದು.

ಔಷಧಿಯಿಂದ ರೋಗ ಹೋಗುತ್ತದೆ, ಆದರೆ ಹೋಗುವಾಗ ಕೆಲವರ ಪಾದದ ಅರಿವನ್ನೂ ಹೊತ್ತೊಯ್ದಿರುತ್ತದೆ. ಮುಳ್ಳು ಚುಚ್ಚಿದರೂ ಅವರಿಗೆ ಗೊತ್ತಾಗದು, ಕೆಂಡ ತುಳಿದರೂ ಗೊತ್ತಾಗದು. ನೋವೇ ಇಲ್ಲದ ಗಾಯ ಒಳಗೊಳಗೇ ಬೆರಳನ್ನು ತಿಂದು ಹಾಕುತ್ತದೆ. ಅದಕ್ಕೆಂದೇ ಈ ಚಪ್ಪಲಿಗೆ ಒಳಗಡೆ ಮೆತ್ತನೆಯ ರಬ್ಬರು, ಹೊರಗಡೆ ಗಟ್ಟಿ ಅಟ್ಟೆ. ಎಲ್ಲವನ್ನೂ ದಾರದಲ್ಲಿ ಹೊಲಿಯಬೇಕು, ಅಂಟಿನಲ್ಲಿ ಕೂಡಿಸಬೇಕು. ಮೊಳೆ ಮಾತ್ರ ಕೂಡದು.

ಈಗ ಅಮೃತಮ್ಮನ ಕೈಕೆಳಗೆ ಅರವತ್ತನಾಲ್ಕು ಜನರ ಪಾದಗಳಿವೆ. ಸೋಮವಾರ ವಾಡಿಗೆ ಹೋಗುತ್ತಾರೆ. ಉಳಿದ ದಿನ ಪ್ಯಾಸೆಂಜರ್ ರೈಲು ಹಿಡಿದು ಚಿತ್ತಾಪುರ, ಸೇಡಂ; ಸೇಡಂನಿಂದ ಬಸ್ಸಿನಲ್ಲಿ ಒಮ್ಮೆ ಅಲ್ಲೇ ಹತ್ತಿರದ ಮುಧೋಳ, ಇನ್ನೊಮ್ಮೆ ಚಿಂಚೋಳಿ ಕಡೆಯ ಚಂದಾಪುರ. ದಿನಕ್ಕೆ ಹೆಚ್ಚೆಂದರೆ ಒಂದು ಜೊತೆ ಚಪ್ಪಲಿ ಆಗುತ್ತದೆ. ಹೋದ ಕಡೆಯಲ್ಲೆಲ್ಲ ಮೊದಲು ನೀರು ಕೇಳುತ್ತಾರೆ. ಅದು ಕುಡಿಯಲಿಕ್ಕಲ್ಲ, ಎದುರಿಗಿದ್ದವರ ಕಾಲು ತೊಳೆದು ನೋಡಲಿಕ್ಕೆ. ಪ್ರತಿಯೊಬ್ಬರ ಪಾದವನ್ನೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇರಿಸಿ, ಸುತ್ತಲೂ ಪೆನ್ಸಿಲ್ ಆಡಿಸಿ, ಗೆರೆ ಎಳೆದು ಇಟ್ಟುಕೊಂಡಿದ್ದಾರೆ. ಆ ಕಾಗದಗಳ ಸುರುಳಿ ಬೈಬಲ್ಲಿನ ಪಕ್ಕದಲ್ಲೇ ಇರುತ್ತದೆ.

ಇವರ ಮನೆಯಲ್ಲಿ ಇನ್ನೊಂದು ವಿಚಿತ್ರವಿದೆ. ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿಕೊಂಡು ನೇತಾಡುತ್ತಿದೆ. ಮರದ ಶಿಲುಬೆಯೂ ಹಾಗೆಯೇ. "ನಮ್ಮ ಮನ್ಯಾಗ ಹುಡುಕಿದ್ರೂ ಒಂದ್ ಮೊಳಿ ಸಿಗಂಗಿಲ್ರಿ," ಎನ್ನುತ್ತಾರೆ ಆನಂದಕುಮಾರ. "ಅಂಗಿ ಎಲ್ಲಿ ಸಿಗಿಸ್ಲಿ ಅಂತ ಇಪ್ಪತ್ಮೂರು ವರ್ಷದಿಂದ ಕೇಳಾಕತ್ತೀನಿ." ಗಂಡ ನಗುತ್ತಾರೆ. ಹೆಂಡತಿ ನಗುವುದಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಪೇರಲಹಣ್ಣು ಮಾರುತ್ತಿದ್ದ, ಪಾದದ ಅರಿವು ಕಳೆದುಕೊಂಡ ಜೈತುನ್ಬೀಯ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಹೊಲಿಯುವಷ್ಟು ಸಮಯವಿರಲಿಲ್ಲ. ಅಮೃತಮ್ಮನ ರೈಲು ಬಂದು ನಿಂತಿತ್ತು. ಚೀಲದಲ್ಲಿ ಅಪ್ಪನ ಸುತ್ತಿಗೆ ಇತ್ತು, ನಾಲ್ಕು ಸಣ್ಣ ಮೊಳೆಗಳಿದ್ದವು. ಚಿಕ್ಕಂದಿನಿಂದ ರೂಢಿಯಾದ ಕೈ. ಒಂದು ಮೊಳೆ ಬಡಿದು, ತುದಿ ಬಗ್ಗಿಸಿ, ಓಡಿ ರೈಲು ಹತ್ತಿದರು. ಮುಂದಿನ ಸೋಮವಾರ ಬಂದು ಕಾಲು ತೊಳೆದರೆ, ನೆಟ್ಟಗಾದ ಮೊಳೆ ಪಾದದೊಳಗಿತ್ತು. ಅದನ್ನು ತುಳಿದುಕೊಂಡೇ ಜೈತುನ್ಬೀ ವಾರವಿಡೀ ಹಣ್ಣು ಮಾರಿದ್ದರು. ಆಮೇಲೆ ಎರಡು ಬೆರಳು ತೆಗೆಯಬೇಕಾಯಿತು.

"ನಾನೇ ಬಡದಿದ್ದು ಖಾಲಾ, ಅಂತ ಕಾಲು ಹಿಡಕೊಂಡು ಅತ್ತೆ. ಅವರೇನಂದ್ರು ಗೊತ್ತೇನ್ರಿ? ಗೊತ್ತಿದ್ದು ಬಡದೀಯೇನು ಬೇಟಿ? ಅಳಬ್ಯಾಡ. ಬರೋ ಸೋಮವಾರ ಮಾತ್ರ ತಪ್ಪಿಸಬ್ಯಾಡ, ಅಂದ್ರು."

ಅವತ್ತಿನಿಂದ ಅಮೃತಮ್ಮ ಒಂದೂ ಸೋಮವಾರ ತಪ್ಪಿಸಿಲ್ಲ. ಜ್ವರ ಬಂದಾಗಲೂ ಹೋಗಿದ್ದಾರೆ, ಸ್ವಂತ ತಾಯಿಯನ್ನು ಮಣ್ಣು ಮಾಡಿದ ಮೂರನೆಯ ದಿನವೂ ಹೋಗಿದ್ದಾರೆ. ಗುಡ್ ಫ್ರೈಡೇ ದಿನ ಚರ್ಚಿನಲ್ಲಿ ಮೊಳೆಯ ಮಾತು ಓದುವಾಗ ಉಳಿದವರು ಶಿಲುಬೆಯತ್ತ ನೋಡಿದರೆ, ಇವರು ತಮ್ಮ ಕೈ ನೋಡಿಕೊಳ್ಳುತ್ತಾರೆ.

ಹಾಗಾಗಿ ಮೊಜಾಂಬಿಕ್ಕಿನ ಪತ್ರ ಬಂದಾಗ ಅವರಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಹೋಗಬೇಕೆಂಬ ಆಸೆಯಿತ್ತು. ಆ ಸೀಮೆಯಲ್ಲಿ ಇಂಥ ಚಪ್ಪಲಿ ಹೊಲಿಯುವ ಒಂದು ಕೈಯೂ ಇಲ್ಲವೆಂದು ಪತ್ರದಲ್ಲಿತ್ತು. ಆದರೆ ಇಲ್ಲಿಯ ಅರವತ್ತನಾಲ್ಕು ಜನ ಯಾರ ಕೈಗೆ? ಸೋಮವಾರದ ಮಾತು ಏನಾಗಬೇಕು? ಎರಡು ತಿಂಗಳು ಪತ್ರಕ್ಕೆ ಉತ್ತರ ಬರೆಯಲಿಲ್ಲ. ಜೈತುನ್ಬೀಗೂ ಹೇಳಲಿಲ್ಲ.

ತಮ್ಮ ಬದಲಿಗೆ ಕಣ್ಣಿಗೆ ಬಿದ್ದದ್ದು ಒಬ್ಬರೇ, ಅವರೋ ಹಳೆಯ ವೈರಿ. ಚಿತ್ತಾಪುರದ ಬಸ್ ನಿಲ್ದಾಣದ ಎದುರು, ಬೇವಿನ ಮರದ ನೆರಳಲ್ಲಿ ಚಪ್ಪಲಿ ರಿಪೇರಿಗೆ ಕೂರುವ ಐವತ್ತಾರರ ಸಂಘಪಾಲ. ಅಮೃತಮ್ಮ ಚಿತ್ತಾಪುರಕ್ಕೆ ಬಾರದ ದಿನ ಪಟ್ಟಿ ಕಿತ್ತರೆ ಜನ ಇವರ ಬಳಿ ಹೋಗುತ್ತಿದ್ದರು. ಇವರು ಎರಡು ಮೊಳೆ ಬಡಿದು ಕಳಿಸುತ್ತಿದ್ದರು. ಅಮೃತಮ್ಮ ಅದೇ ಚಪ್ಪಲಿ ತಂದು, ಇವರ ಎದುರಿಗೇ ಇಕ್ಕಳದಿಂದ ಮೊಳೆ ಕಿತ್ತು, ಮುಂದೆ ಎಸೆದು ಹೋಗುತ್ತಿದ್ದರು. ವರ್ಷಗಟ್ಟಲೆ ಇಬ್ಬರ ನಡುವೆ ಇದ್ದ ವ್ಯವಹಾರ ಅಷ್ಟೇ.

"ಮೊಳಿ ಬಿಟ್ಟು ಚಪ್ಪಲಿ ಹ್ಯಾಂಗ ಕೂಡ್ತದ್ರಿ? ಇಕಿಗಿ ತಲಿ ಕೆಟ್ಟದ ಅಂತಿದ್ದೆ," ಎಂದು ಸಂಘಪಾಲ ಈಗ ನಾಚಿಕೊಳ್ಳುತ್ತಾರೆ.

ಹೋದ ಚಳಿಗಾಲದಲ್ಲಿ, ಆಸ್ಪತ್ರೆಗೆಂದು ಚಿತ್ತಾಪುರಕ್ಕೆ ಬಂದಿದ್ದ ಜೈತುನ್ಬೀಯನ್ನು ಅಮೃತಮ್ಮ ಆ ಬೇವಿನ ಮರದ ಕೆಳಗೆ ಕರೆದೊಯ್ದರು. ಎರಡು ಬೆರಳಿಲ್ಲದ ಪಾದವನ್ನು ಸಂಘಪಾಲರ ತೊಡೆಯ ಮೇಲಿಟ್ಟು, "ನೋಡಣ್ಣ, ಇದು ಮೊಳಿ ಮಾಡಿದ ಕೆಲಸ," ಎಂದರು. ಸಂಘಪಾಲ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು.

"ನಾ ಬಡದಿದ್ದೇನವ್ವಾ?"

"ಅಲ್ಲಣ್ಣ. ನಾ ಬಡದಿದ್ದು."

ಸಂಘಪಾಲ ಬಹಳ ಹೊತ್ತು ಆ ಪಾದ ಬಿಡಲಿಲ್ಲ. ಮರುವಾರ ತಾವಾಗಿಯೇ ದಬ್ಬಳ ಹಿಡಿದು ಶಹಾಬಾದಿಗೆ ಬಂದರು. ಐದು ತಿಂಗಳು ಫರಸಿ ಕಲ್ಲಿನ ಆಚೆ ಬದಿಗೆ ಕುಳಿತು ಕಲಿತರು. ಈಗ ಅರವತ್ತನಾಲ್ಕೂ ಜೊತೆ ಚಪ್ಪಲಿಯ ಪಟ್ಟಿಗೆ ಕೆಂಪು ದಾರದ ಒಂದು ಗುರುತಿನ ಹೊಲಿಗೆಯಿದೆ. "ಕೆಂಪು ದಾರ ಕಂಡ್ರ ಮೊಳಿ ಡಬ್ಬಿ ಮುಚ್ಚಿಬಿಡ್ತೀನ್ರಿ," ಎನ್ನುತ್ತಾರೆ.

ಆದರೆ ಸಂಘಪಾಲ ಕಲಿಯಲು ಶುರು ಮಾಡಿದಾಗಲೂ ಜೈತುನ್ಬೀಗೆ ಹೇಳುವ ಧೈರ್ಯ ಅಮೃತಮ್ಮನಿಗೆ ಬರಲಿಲ್ಲ. ಕೊನೆಗೆ ಆ ಮುದುಕಿಯೇ ಬಾಯಿ ಬಿಟ್ಟರು. ರೈಲ್ವೆ ಸ್ಟೇಷನ್ನಿನಲ್ಲಿ ಕೂರುವವರಿಗೆ ತಿಳಿಯದ ಸುದ್ದಿ ಯಾವುದಿದೆ?

"ಎರಡು ತಿಂಗಳಾತು, ಕಾಲು ತೊಳೀತಿ, ಮಾರಿ ನೋಡವಲ್ಲಿ. ಎಲ್ಲಾ ಕೇಳೀನಿ ನಾ. ಯಾಕ ಬೇಟಿ, ಅಲ್ಲಿಯವ್ರ ಕಾಲು ಕಾಲಲ್ಲೇನು?"

"ಸೋಮವಾರ, ಖಾಲಾ..."

"ಸೋಮವಾರ ನಾ ಕೇಳಿದ್ದು. ಬಿಡೋದೂ ನಾನೇ ಬಿಡ್ತೀನಿ. ಮೊದಲ ಅವನ ಚಪ್ಪಲಿ ನೋಡ್ತೀನಿ, ಆಮ್ಯಾಲ."

ಆ ವಾರವೇ ಪತ್ರಕ್ಕೆ ಒಪ್ಪಿಗೆ ಹೋಯಿತು. ಹೊರಡುವ ಮೊದಲಿನ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಬೇಕಿತ್ತು. ದೇವರು ತಮ್ಮನ್ನು ನಡೆಸಿದ ರೀತಿಯನ್ನು ಎಲ್ಲರ ಮುಂದೆ ನಿಂತು ಹೇಳುವ ಪದ್ಧತಿ ಅದು. ಪಾಸ್ಟರು ಅರ್ಧ ಗಂಟೆ ಬಿಟ್ಟುಕೊಟ್ಟಿದ್ದರು. ಅಮೃತಮ್ಮ ಐದು ನಿಮಿಷ ಮಾತಾಡಿದರು, ಮೊಳೆಯ ಕಥೆಯನ್ನಷ್ಟೇ ಹೇಳಿ ಕುಳಿತುಬಿಟ್ಟರು. ಆ ಕಥೆ ಸಭೆಯ ಬಹಳ ಜನರಿಗೆ ಅವತ್ತೇ ಗೊತ್ತಾದದ್ದು.

ಮರುದಿನ, ಸೋಮವಾರ ಬೆಳಿಗ್ಗೆ, ವಾಡಿ. ಪ್ಲಾಟ್‌ಫಾರ್ಮಿನ ಹೊರಗಿನ ಕಟ್ಟೆಯ ಮೇಲೆ ಜೈತುನ್ಬೀ ಕುಳಿತಿದ್ದಾರೆ. ಸಂಘಪಾಲ ತಾವೊಬ್ಬರೇ ಹೊಲಿದ ಮೊದಲ ಜೊತೆಯನ್ನು ಕಾಗದದಿಂದ ಬಿಚ್ಚಿ ಮುಂದಿಡುತ್ತಾರೆ. ಅಮೃತಮ್ಮ ಒಳಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಹಿಮ್ಮಡಿಯ ಬಳಿ ಬೆರಳು ನಿಲ್ಲುತ್ತದೆ.

"ಇಲ್ಲಿ ದಾರದ ಗಂಟು ಮ್ಯಾಲ ಬಂದದಣ್ಣ."

ಸಂಘಪಾಲ ಅಲ್ಲೇ ಕುಳಿತು ಹೊಲಿಗೆ ಬಿಚ್ಚಿ, ಮತ್ತೆ ಹಾಕುತ್ತಾರೆ. ಒಂದು ರೈಲು ಬಂದು ಹೋಗುತ್ತದೆ. ಅಮೃತಮ್ಮ ಮತ್ತೆ ಸವರುತ್ತಾರೆ, ಈ ಸಲ ಇನ್ನೂ ನಿಧಾನವಾಗಿ. ಆಮೇಲೆ ಕಣ್ಣು ತೆರೆದು, ಚಪ್ಪಲಿಯನ್ನು ತಾವು ತೊಡಿಸದೆ ಸಂಘಪಾಲರ ಕೈಗೇ ಕೊಡುತ್ತಾರೆ. ಅವರು ತೊಡಿಸುತ್ತಾರೆ. ಜೈತುನ್ಬೀ ಎದ್ದು ಟಿಕೆಟ್ ಕಿಟಕಿಯವರೆಗೆ ನಡೆದು ವಾಪಸು ಬರುತ್ತಾರೆ.

ಚೀಲದಿಂದ ಆ ಕಾಗದದ ಸುರುಳಿ ಹೊರಗೆ ಬರುತ್ತದೆ. ಅರವತ್ತನಾಲ್ಕು ಜನರ ಪಾದದ ಗೆರೆಗಳನ್ನು ಅಮೃತಮ್ಮ ಸಂಘಪಾಲರ ಮಡಿಲಿಗೆ ಹಾಕುತ್ತಾರೆ. ಹೋಗಿ ಬಂದ ಮೇಲೆ ಏನಾಸೆ ಎಂದು ಕೇಳಿದರೆ ದೊಡ್ಡ ಮಾತೇನೂ ಆಡುವುದಿಲ್ಲ.

"ಎರಡು ವರ್ಷದ ಮ್ಯಾಲ ಇದೇ ಕಾಗದದ ಮ್ಯಾಲ ಇವರೆಲ್ಲರ ಕಾಲು ಇಡಸ್ತೀನ್ರಿ. ಬೆರಳು ಎಣಸ್ತೀನಿ. ಒಂದೂ ಕಮ್ಮಿ ಆಗಿರಬಾರ್ದು. ಅಷ್ಟೇ."

ಜೈತುನ್ಬೀ ಹೊಸ ಚಪ್ಪಲಿಯ ಕಾಲನ್ನು ಮುಂದೆ ಚಾಚಿ, ಅಮೃತಮ್ಮನ ಗದ್ದ ಹಿಡಿದು ಮುಖ ಎತ್ತುತ್ತಾರೆ. "ನಂದು ಎಂಟು ಅವ. ಬಂದಾಗ ಎಂಟೇ ಇರ್ತಾವ. ಬರೋ ಸೋಮವಾರ ನೀ ಬರಬ್ಯಾಡ ಬೇಟಿ, ಹೋಗು."