ಆರು ಅಂದರೆ ಆರು ಏನು?

ನಮ್ಮ ಅತ್ತಿಗೆಗೆ ಪ್ರಯೋಗಾಲಯದವರು ಇಟ್ಟ ಹೆಸರು ‘ಯೂನಿಟ್ ಅಕ್ಕ’. ಯಾರಾದರೂ ಬಂದು “ಅಕ್ಕಾ, ಎಂಟು ಹಾಕಿದೀನಿ” ಅಂದರೆ ಸಾಕು, ಕನ್ನಡಕ ಹಣೆಗೇರಿಸಿ ಕೇಳುತ್ತಾರೆ: “ಎಂಟು ಅಂದ್ರೆ ಎಂಟು ಏನು? ಗ್ರಾಮಾ, ಹನಿಯಾ, ಕೊಡವಾ?” ಮನೆಯಲ್ಲೂ ಇದೇ ಕಥೆ. ನಮ್ಮಣ್ಣ ಫೋನಿನಲ್ಲಿ “ಈಗ ಬಂದೆ” ಅಂದರೆ, “ಈಗ ಅಂದ್ರೆ ಎಷ್ಟು ನಿಮಿಷ?” ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಅಣ್ಣ, “ಹದಿನೇಳು ನಿಮಿಷ, ಸಿಗ್ನಲ್ ಬಿದ್ದರೆ ಇಪ್ಪತ್ತು” ಎನ್ನುವಷ್ಟು ಪಳಗಿದ್ದಾನೆ.

ಅತ್ತಿಗೆಯ ಕೆಲಸ, ಕ್ಯಾನ್ಸರ್ ಔಷಧಿಯನ್ನು ಗಡ್ಡೆಯವರೆಗೆ ಹೊತ್ತುಕೊಂಡು ಹೋಗುವ ಕೊಬ್ಬಿನ ಕಣಗಳನ್ನು ತಯಾರಿಸುವುದು. ಅಂತಿಂಥ ಕಣವಲ್ಲ, ಕೂದಲೆಳೆಯ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು. ಸ್ವಲ್ಪ ದಪ್ಪಗಾದರೂ ದಾರಿಯಲ್ಲೇ ಯಕೃತ್ತು ಹಿಡಿದು ಕೂರಿಸಿಕೊಳ್ಳುತ್ತದೆ, ಔಷಧಿ ಗಡ್ಡೆಯ ಮುಖವನ್ನೇ ನೋಡುವುದಿಲ್ಲ. ಇಂಥ ಕಣಗಳನ್ನು ಮಾಡುವ ವಿಧಾನವನ್ನು, ಯಾವುದು ಎಷ್ಟು, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನೆಲ್ಲ, ದೇಶದೇಶದ ಪ್ರಯೋಗಾಲಯಗಳು ಅಂತರ್ಜಾಲದ ಒಂದು ಡೇಟಾಬೇಸಿಗೆ ಸೇರಿಸುತ್ತವೆ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಬಹುದು. ಒಬ್ಬರು ಪರದಾಡಿ ಕಲಿತದ್ದಕ್ಕೆ ಇನ್ನೊಬ್ಬರು ಮತ್ತೆ ಪರದಾಡಬೇಕಿಲ್ಲ. ಹೆಚ್ಚಿನವರು ಅದರ ಉದ್ದನೆಯ ಫಾರ್ಮಿನಲ್ಲಿ ಅರ್ಧ ಕಾಲಂ ಖಾಲಿ ಬಿಟ್ಟು ಎದ್ದು ಹೋಗುತ್ತಾರೆ. ಅತ್ತಿಗೆ ಒಂದನ್ನೂ ಬಿಟ್ಟವರಲ್ಲ. ಅದು ಅವರ ಹೆಮ್ಮೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಹೇಳದೆ ಇರುವುದು ಎಲ್ಲರಿಗೂ ಕೇಳಿಸುತ್ತಿತ್ತು.

ಹೀಗಿರುವಾಗ ಡೇಟಾಬೇಸ್ ನಡೆಸುವವರಿಂದ ಒಂದು ಪತ್ರ ಬಂತು. ನಿಮ್ಮ ವಿಧಾನದಂತೆ ಮೂರು ಪ್ರಯೋಗಾಲಯಗಳು ಮಾಡಿ ನೋಡಿದವು, ಮೂರರಲ್ಲೂ ಕಣಗಳು ನಾಲ್ಕು ಪಟ್ಟು ದಪ್ಪಗೆ ಬಂದು ಗಂಟುಕಟ್ಟಿದವು. ತಿಂಗಳೊಳಗೆ ವಿವರಣೆ ಬಾರದಿದ್ದರೆ ‘ಬೇರೆಯವರ ಕೈಯಲ್ಲಿ ಆಗಲಿಲ್ಲ’ ಎಂದು ಗುರುತು ಹಾಕಿ ದಾಖಲೆಯನ್ನು ಬದಿಗೆ ಸರಿಸುತ್ತೇವೆ. ಅಂದರೆ ಆರು ವರ್ಷದ ದುಡಿಮೆ ಮೂಲೆಗೆ. ರೋಗಿಗಳವರೆಗೆ ಅದನ್ನು ಒಯ್ಯುವ ಧೈರ್ಯ ಆಮೇಲೆ ಯಾರೂ ಮಾಡುವುದಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರು ಪತ್ರ ಓದಿ ನಕ್ಕರು. ಅವರ ಬಾಗಿಲ ಮೇಲಿನ ಫಲಕದಲ್ಲಿ ಪದವಿಗಳು ಹೆಚ್ಚಿ ಹೆಚ್ಚಿ ಹಿಡಿಕೆಯವರೆಗೂ ಇಳಿದು ಬಂದಿವೆ. “ಕೈಗುಣ ಅಂತ ಒಂದಿರುತ್ತಲ್ಲಮ್ಮಾ? ಅವರಿಗೆ ಅದಿಲ್ಲ, ಅಷ್ಟೆ.”

“ಫಾರ್ಮಿನಲ್ಲಿ ಕೈಗುಣಕ್ಕೆ ಕಾಲಂ ಇಲ್ಲ ಸಾರ್,” ಅಂದರು ಅತ್ತಿಗೆ.

ಮೂರು ದಿನ ಒಂದೊಂದೇ ಕಾಲಂ ಹಿಡಿದು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ನಾಲ್ಕನೆಯ ದಿನ ‘ಕಲಕುವ ವೇಗ’ ಎಂಬಲ್ಲಿಗೆ ಬಂದರು. ಅಲ್ಲಿ ನಿಮಿಷಕ್ಕೆ ಆರುನೂರು ಸುತ್ತು ಎಂದಿತ್ತು. ನೋಟ್‌ಬುಕ್ಕಿನಲ್ಲಿ ಬರೀ ‘ಆರು’.

ಅವರ ಕಲಕುವ ಯಂತ್ರ ಹಳೆಯದು. ಮೇಲಿಟ್ಟ ಗಾಜಿನ ಪಾತ್ರೆಯೊಳಗೆ ಒಂದು ಪುಟ್ಟ ಬಿಳಿ ಅಯಸ್ಕಾಂತದ ಕಡ್ಡಿ ಗಿರಗಿರ ತಿರುಗುತ್ತದೆ. ವೇಗಕ್ಕೆ ಒಂದು ಗುಂಡಿ, ಅದರ ಸುತ್ತ ಒಂದರಿಂದ ಹತ್ತರವರೆಗೆ ಅಂಕಿ. “ಆರಕ್ಕಿಡು” ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಹೊಸ ಯಂತ್ರದಲ್ಲಿ ಆರು ಅಂದರೆ ಆರುನೂರು ಸುತ್ತು. ಹಳೆಯದರಲ್ಲೂ ಹಾಗೇ ಇರುತ್ತದೆ ಅಂದುಕೊಂಡು ನೂರರಿಂದ ಗುಣಿಸಿ ಬರೆದವರು ಯಾರು? ಫಾರ್ಮು ತುಂಬಿದ್ದು ಅತ್ತಿಗೆಯೇ.

ಆ ಭಾನುವಾರ ನಾನು ಅಣ್ಣನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಆ ಯಂತ್ರ ಕೂತಿತ್ತು. ಅತ್ತಿಗೆ ಕಡ್ಡಿಯ ಒಂದು ತುದಿಗೆ ಕೆಂಪು ಉಗುರುಬಣ್ಣ ಹಚ್ಚುತ್ತಿದ್ದರು.

“ಬಾರಪ್ಪಾ ಮೈದುನಾ, ಕಣ್ಣು ಚೆನ್ನಾಗಿದೆಯಾ?”

“ಬೇರೆ ಯಾವುದೂ ಚೆನ್ನಾಗಿಲ್ಲ ಅತ್ತಿಗೆ, ಕಣ್ಣೊಂದು ಪರವಾಗಿಲ್ಲ.”

“ಹಾಗಾದ್ರೆ ಕೂತ್ಕೊಂಡು ಎಣಿಸು.”

ಗುಂಡಿಯನ್ನು ಆರಕ್ಕಿಟ್ಟು, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರು. ಒಂದು ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ. ಕೆಂಪು ಚುಕ್ಕಿ ಹತ್ತು ಸುತ್ತು ಬರಲು ಎಷ್ಟು ಚಿತ್ರ ಎಂದು ನಾನು ಎಣಿಸಿದೆ, ಅಣ್ಣ ಎಣಿಸಿದ, ಕೊನೆಗೆ ನಮ್ಮಿಬ್ಬರನ್ನೂ ನಂಬದೆ ಅವರೇ ಎಣಿಸಿದರು. ಮೂವರಿಗೂ ಸುಮಾರು ನೂರಮೂವತ್ತು. ಕಾಗದದ ಮೇಲೆ ಲೆಕ್ಕ ಹಾಕಿದರು: ನಿಮಿಷಕ್ಕೆ ಸಾವಿರದ ನೂರು ಸುತ್ತು. ಬೇರೆಯವರು ಹೆಚ್ಚುಕಮ್ಮಿ ಅರ್ಧ ವೇಗದಲ್ಲಿ ಕಲಕುತ್ತಿದ್ದರು. ಕಣ ದಪ್ಪಗಾಗದೆ ಇನ್ನೇನು?

ಅಣ್ಣನಿಗೆ ಬಾಯಿ ತಡೆಯಲಿಲ್ಲ. “ಆರು ಅಂದ್ರೆ ಆರು ಏನು ಅಂತ ನೀನು ಆ ಯಂತ್ರಾನ ಕೇಳ್ಲಿಲ್ವೇನೆ?”

ಅತ್ತಿಗೆ ನಗಲಿಲ್ಲ. ಅಣ್ಣ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಹಳ ಹೊತ್ತು ತೊಳೆದ.

ಮರುದಿನ ಪ್ರೊಫೆಸರರು ಉಪಾಯ ಹೇಳಿದರು. “ಅಂಕಿ ಬದಲಾಯಿಸಿ, ಕಾರಣದ ಜಾಗದಲ್ಲಿ ‘ಟೈಪಿಂಗ್ ದೋಷ’ ಅಂತ ಹಾಕಿಬಿಡಿ. ನಿಮ್ಮ ಹೆಸರಿಗೂ ಏನೂ ಆಗಲ್ಲ.”

“ಟೈಪಿಂಗ್ ಸರಿಯಾಗೇ ಇತ್ತು ಸಾರ್. ತಿಳ್ಕೊಂಡಿದ್ದು ತಪ್ಪು.”

“ನಮ್ಮ ಲ್ಯಾಬಿನ ಮರ್ಯಾದೆ ಪ್ರಶ್ನೆಯಮ್ಮಾ!”

“ಆ ಮೂರು ಲ್ಯಾಬಿನವರು ತಮಗೆ ಕೈಗುಣ ಇಲ್ಲ ಅಂತ ವರ್ಷಗಟ್ಟಲೆ ತಲೆ ಚಚ್ಕೊಂಡಿದಾರಲ್ಲ ಸಾರ್, ಅವರದ್ದೂ ಮರ್ಯಾದೇನೇ.”

ಕಾರಣದ ಜಾಗದಲ್ಲಿ ಅತ್ತಿಗೆ ಬರೆದದ್ದು ಎರಡು ವಾಕ್ಯ: ‘ಯಂತ್ರದ ಗುಂಡಿಯ ಅಂಕಿಯನ್ನು ನೂರರಿಂದ ಗುಣಿಸಲಾಗಿತ್ತು. ಅಳೆಯದೆ ಬರೆದವಳು ನಾನು.’ ಕೆಳಗೆ ಹೆಸರು. ಕಳಿಸುವ ಮುಂಚೆ ಎರಡು ಸಲ ಎದ್ದುಹೋಗಿ ನೀರು ಕುಡಿದು ಬಂದೆ ಎಂದು ನನಗೆ ಆಮೇಲೆ ಹೇಳಿದರು. ಊರಿಗೆಲ್ಲ ಅಳತೆ ಹೇಳುತ್ತಿದ್ದವರಿಗೆ ಆ ಎರಡನೆಯ ವಾಕ್ಯ ಬರೆಯುವುದು ಸುಲಭವಿರಲಿಲ್ಲ. ಮುಂದಿನ ಮೂರು ವಾರ ಪ್ರಯೋಗಾಲಯದಲ್ಲಿ ಯಾರು ಏನು ಹೇಳಿದರೂ ಅವರು ತಿರುಗಿ ಪ್ರಶ್ನೆ ಕೇಳಲಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗಿಯರೇ ಹೆದರಿ, ತಾವಾಗಿ ಗ್ರಾಂ, ಮಿಲಿಲೀಟರು ಅಂತ ಒಪ್ಪಿಸತೊಡಗಿದರು.

ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. ಮೂರರಲ್ಲಿ ಎರಡು ಕಡೆ ಕಣ ಬರಬೇಕಾದ ಗಾತ್ರಕ್ಕೇ ಬಂದಿತ್ತು. ದಾಖಲೆ ಉಳಿಯಿತು, ಪಕ್ಕದಲ್ಲಿ ‘ತಿದ್ದಲಾಗಿದೆ’ ಎಂಬ ಗುರುತಿನೊಂದಿಗೆ. ಮೂರನೆಯವರು ಬರೆದಿದ್ದರು: ‘ನಿಮ್ಮ ಕಣ ಮಾಡಿ ನೋಡಿದ್ದು ಹೊಸ ಯಂತ್ರದಲ್ಲಿ. ಆದರೆ ನಮ್ಮಲ್ಲೂ ಅಂಥದೇ ಗುಂಡಿಯ ಹಳೆಯ ಯಂತ್ರವಿದೆ. ಅದರ ಅಂಕಿಯನ್ನು ನಾವೂ ನೂರರಿಂದಲೇ ಗುಣಿಸುತ್ತ ಬಂದಿದ್ದೇವೆ. ನಮ್ಮ ಹನ್ನೊಂದು ದಾಖಲೆಗಳನ್ನು ಈಗ ಅಳೆಯುತ್ತಿದ್ದೇವೆ. ನಿಮ್ಮದನ್ನು ಮತ್ತೆ ಮಾಡಿ ನೋಡಲು ಇನ್ನೊಂದು ವಾರ ಕೊಡಿ.’

ಪ್ರೊಫೆಸರರು ಆ ಪತ್ರದ ಪ್ರತಿ ತೆಗೆದು ಸೂಚನಾ ಫಲಕಕ್ಕೆ ಅಂಟಿಸಿದರು. “ನಮ್ಮ ಲ್ಯಾಬಿನ ಪ್ರಾಮಾಣಿಕತೆ ಅಂದ್ರೆ ಏನಂದ್ಕೊಂಡಿರಿ!” ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಅತ್ತಿಗೆ ಅದನ್ನು ನೋಡಲು ಹೋಗಲಿಲ್ಲ. ಆ ಹಳೆಯ ಯಂತ್ರದಲ್ಲಿ ಮಾಡಿದ ಅವರದೇ ದಾಖಲೆಗಳು ಇನ್ನೂ ಮೂವತ್ತಿವೆ. ಒಂದರಲ್ಲಿ ಗುಂಡಿ ನಾಲ್ಕರ ಮೇಲಿತ್ತು, ಇನ್ನೊಂದರಲ್ಲಿ ಏಳರ ಮೇಲೆ. ಅವರು ನಾಲ್ಕಕ್ಕೆ ತಿರುಗಿಸಿ ಮೊಬೈಲು ಹಿಡಿದರು.